ಚಿಟ್ಟೆ ಕೂತ ಧಾರೆ ಸೀರೆ

ಮೊನ್ನೆ ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿ ಕೂತಿದ್ದೆ. ನನ್ನ ಹಿಂದೆಯೇ ಹತ್ತಿದವನೊಬ್ಬ ಎರಡು ಗೋಣಿಚೀಲಗಳನ್ನು ತಂದು ನನ್ನ ಕಾಲ ಬಳಿ ಇಳಿಸಿದ. ಬಸ್ಸು ಹೊರಟು ಗಾಳಿ ಆಡತೊಡಗಿದ ಕೂಡಲೇ ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ನಾನು ಮಾತ್ರ ಚೀಲದ ಕಡೆಗೆ ಬಗ್ಗಿದೆ. ಕಂಡಕ್ಟರು ನನಗೆ ತಲೆಸುತ್ತು ಬಂದಿದೆ ಎಂದುಕೊಂಡು ನೀರು ಬೇಕೇ ಎಂದು ಕೇಳಿದ. ಪಾಪ, ಒಳ್ಳೆಯ ಹುಡುಗ. ಹಸಿ ರೇಷ್ಮೆ ಗೂಡಿನ ವಾಸನೆಯನ್ನು ಬೇಕೆಂದೇ ಎಳೆದುಕೊಳ್ಳುವ ಮುದುಕಿಯನ್ನು ಅವನು ಎಲ್ಲಿ ಕಂಡಿರಬೇಕು. ಆ ವಾಸನೆಯ ಜೊತೆಗೆ ಒಂದು ಆಷಾಢ ಇಡಿಯಾಗಿ ಬಂದು ನನ್ನ ಪಕ್ಕದಲ್ಲಿ ಕೂತಿತ್ತು.

ಆಗ ದೊಡ್ಡ ಯುದ್ಧ ನಡೆಯುತ್ತಿತ್ತು. ನನಗೆ ಹದಿನೇಳು ವರ್ಷ. ನನ್ನ ತವರು ಮಂಡ್ಯದ ಪಕ್ಕ, ನಾಲೆ ಬಯಲಿನ ಊರು. ಭತ್ತ ಮತ್ತು ಕಬ್ಬು ಬಿಟ್ಟರೆ ಬೇರೆ ಬೆಳೆ ಕಂಡವಳಲ್ಲ ನಾನು. ಏಳನೆಯ ತರಗತಿ ಓದಿದ್ದೇನೆ ಎಂಬ ಜಂಬ ಬೇರೆ. ಮಳವಳ್ಳಿ ಕಡೆ, ಬಂಡೂರಿನ ಆಚೆಯ ಊರಿನಿಂದ ಸಂಬಂಧ ಬಂದಾಗ ಅಪ್ಪ ಅವರನ್ನು ರೇಷ್ಮೆ ಮನೆಯವರು ಎಂದು ಹೇಳಿದ. ನಾನು ಏನೆಂದುಕೊಂಡೆ ಎಂದರೆ, ಆ ಮನೆಯ ಹೆಂಗಸರು ಒಲೆ ಮುಂದೆಯೂ ಪಟ್ಟೆ ಸೀರೆ ಉಟ್ಟು ಕೂರುತ್ತಾರೆ ಎಂದು. ಕಂಬಳಿಹುಳ ಕಂಡರೆ ಬದುವಿನಿಂದ ಕೆಸರಿಗೆ ಹಾರುತ್ತಿದ್ದ ಹುಡುಗಿಗೆ ರೇಷ್ಮೆ ಎಲ್ಲಿಂದ ಬರುತ್ತದೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಪುಸ್ತಕದಲ್ಲಿ ಓದಿದ್ದೆ ನಿಜ. ಪುಸ್ತಕದ ಹುಳ ಮೈಮೇಲೆ ಹತ್ತುವುದಿಲ್ಲವಲ್ಲ.

ಮದುವೆಯಾಗಿ ಹೋದ ದಿನವೇ ಗೊತ್ತಾಯಿತು. ಮನೆಯ ಹಿಂದೆ ಉದ್ದನೆಯ ಒಂದು ಕೋಣೆ, ಅದೇ ಹುಳದ ಮನೆ. ಅದಕ್ಕೆ ಎರಡು ಬಾಗಿಲು. ಮುಂಬಾಗಿಲು ಅಂಗಳಕ್ಕೆ, ಹಿಂಬಾಗಿಲು ಹಿಪ್ಪುನೇರಳೆ ತೋಟಕ್ಕೆ. ಒಳಗೆ ಸಾಲುಸಾಲಾಗಿ ಬಿದಿರಿನ ತಟ್ಟೆಗಳು, ತಟ್ಟೆಯ ತುಂಬ ಹುಳ. ಹುಳಕ್ಕೆ ಜಾಗ ಸಾಲದೆ ಬಂದಾಗ ಒಳಮನೆಗೂ ತಟ್ಟೆ ಬರುತ್ತಿತ್ತು, ನಾವು ಜಗಲಿಗೆ ಹೋಗುತ್ತಿದ್ದೆವು. ಹೊಸ ಮದುಮಕ್ಕಳ ಪಾಡು ಕೇಳಬೇಡಿ. ಅತ್ತೆ ಕೆಂಪಮ್ಮನಿಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹುಳ ಸಾಕಿಯೇ ಮಗನನ್ನು ಬೆಳೆಸಿದವಳು ಆಕೆ. ಒಗ್ಗರಣೆಯ ಘಾಟು, ಹೊಗೆಸೊಪ್ಪು, ಹೂವಿನ ವಾಸನೆ ಯಾವುದನ್ನೂ ಹುಳದ ಮನೆಯ ಹತ್ತಿರ ಬಿಡುತ್ತಿರಲಿಲ್ಲ. ನನ್ನ ಮದುವೆಯ ಮಲ್ಲಿಗೆ ದಂಡೆ ಮೊದಲನೆಯ ದಿನವೇ ಎಮ್ಮೆಯ ಬಾಯಿಗೆ ಹೋಯಿತು.

ಹುಳದ ಮನೆಯ ಮುಂಬಾಗಿಲ ಮೇಲೆ, ಸೂರಿನ ಗಳುವಿಗೆ ಒಂದು ಕೋಳಿ ಗರಿ ಸಿಕ್ಕಿಸಿತ್ತು. ಮೊಟ್ಟೆಯಿಂದ ಆಗತಾನೆ ಬಂದ ಮರಿಹುಳಕ್ಕೆ ಬೆರಳು ತಾಕಿದರೆ ಸಾಯುತ್ತದೆ, ಆದ್ದರಿಂದ ಅವನ್ನು ಗರಿಯಲ್ಲಿ ಸವರಿ ತಟ್ಟೆಗೆ ಇಳಿಸಬೇಕು. ಅದನ್ನು ಅತ್ತೆ ಬಿಟ್ಟರೆ ಯಾರೂ ಮುಟ್ಟುವಂತಿರಲಿಲ್ಲ. ಬೇರೆ ಮನೆಗಳಲ್ಲಿ ಸೊಸೆಯ ಕೈಗೆ ಬೀಗದ ಕೈ ಬಂದ ದಿನ ಅವಳು ಮನೆಯವಳಾಗುತ್ತಾಳೆ, ಈ ಮನೆಯಲ್ಲಿ ಆ ಗರಿ ಬಂದ ದಿನ. ನನ್ನ ಗಂಡ ಇದನ್ನು ನಗುತ್ತಾ ಹೇಳಿದ್ದರು. ನನಗೆ ನಗು ಬರಲಿಲ್ಲ. ಹುಳದ ಭಯ ಎಷ್ಟೇ ಇರಲಿ, ಆ ಗರಿ ನನಗೆ ಬೇಕು ಎನ್ನಿಸಿಬಿಟ್ಟಿತು. ನಾನು ಹುಟ್ಟಿದ್ದೇ ಹಾಗೆ, ಮುಟ್ಟಬೇಡ ಎಂದ ವಸ್ತುವೇ ನನಗೆ ಬೇಕು.

ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಎಂದರೆ ಸೊಪ್ಪು ಬಿಟ್ಟು, ತಲೆಯೆತ್ತಿ, ಒಂದು ದಿನ ಅಲ್ಲಾಡದೆ ಇದ್ದು ಹಳೆಯ ತೊಗಲು ಕಳಚುತ್ತದೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಒಂದು ಸಂಜೆ ನಾನು ಮಳೆ ಬಂತೆಂದು ಓಡಿಹೋಗಿ ಒಣಗಿದ ಬಟ್ಟೆಗಳನ್ನೆಲ್ಲ ಎಳೆದು ತಂದೆ. ಹೊರಗೆ ಮಳೆಯೇ ಇರಲಿಲ್ಲ. ಹುಳ ಸೊಪ್ಪು ತಿನ್ನುವ ಸದ್ದು ಅದು. ಇಡೀ ಬೀದಿ ವಾರಗಟ್ಟಲೆ ನನ್ನನ್ನು ಆಡಿಕೊಂಡು ನಕ್ಕಿತು.

ನಿಜವಾದ ಮಳೆ ಬಂದದ್ದು ಎರಡು ದಿನದ ಮೇಲೆ. ಆ ಸಂಜೆ ಸೊಪ್ಪು ಹಾಕುವ ಕೆಲಸದಲ್ಲಿ ಅತ್ತೆಯ ಜೊತೆ ನಾನೂ ಇದ್ದೆ. ಒದ್ದೆ ಸೊಪ್ಪು ತಿಂದ ಹುಳ ಉಳಿಯುವುದಿಲ್ಲ, ಒಂದೊಂದು ಎಲೆಯನ್ನೂ ಒರೆಸಿ ಹಾಕಬೇಕು. ನಾನು ಒರೆಸಿಯೇ ಹಾಕಿದ್ದೆ, ಇಲ್ಲವೇ ಹಾಗೆಂದು ನಂಬಿದ್ದೆ. ಮಾರನೆಯ ದಿನ ಬಾಗಿಲ ಬಳಿಯ ಒಂದು ತಟ್ಟೆಯ ಹುಳವೆಲ್ಲ ಸಪ್ಪೆಯಾಗಿ, ಕಪ್ಪಗಾಗಿ ಸತ್ತು ಬಿದ್ದಿತ್ತು. ಅತ್ತೆ ತಟ್ಟೆಯನ್ನು ತಿಪ್ಪೆಗೆ ಸುರಿದು ಬಂದು ನನ್ನ ಮುಂದೆ ನಿಂತಳು.

"ಗದ್ದೆ ಸೀಮೆಯೋರ್ಗೆ ನೀರು ಬುಟ್ರೆ ಬ್ಯಾರೆ ಗ್ಯಾನ ಇಲ್ಲ. ಇನ್ಮ್ಯಾಲೆ ಈ ಉಳದ ಮನೆ ಒಸ್ಲು ತುಳೀಬ್ಯಾಡ ನೀನು."

ನಾನು ಅಳಲಿಲ್ಲ. ಸಿಟ್ಟು ಬಂದರೆ ನನಗೆ ಅಳು ಬರುವುದಿಲ್ಲ. ಅಲ್ಲಿಂದಾಚೆಗೆ ನನಗೆ ಉಳಿದ ಕೆಲಸ ಎಂದರೆ ಬಾಗಿಲಾಚೆ ಅವರು ತಂದಿಟ್ಟ ಕಸ, ಹಿಕ್ಕೆಗಳನ್ನು ತಿಪ್ಪೆಗೆ ಹಾಕುವುದು. ಆ ಕಸದಲ್ಲಿ ಹಿಂದೆ ಬಿದ್ದ ಸಣ್ಣ ಹುಳಗಳೂ ಇರುತ್ತಿದ್ದವು. ಜೊತೆಯವು ದಪ್ಪಗಾಗಿ ಮುಂದೆ ಹೋಗುವಾಗ ಅರ್ಧ ಗಾತ್ರಕ್ಕೇ ನಿಂತವು ಇವು. ಅವುಗಳ ಪಾಲಿಗೆ ಇದ್ದದ್ದು ತಿಪ್ಪೆಯ ಮೇಲೆ ಕಾಯುತ್ತಿದ್ದ ಕೋಳಿಗಳು. ಒಂದು ದಿನ ಒಂದು ಹುಳ ಕಸದ ಅಂಚಿನಿಂದ ತಲೆಯೆತ್ತಿ ಆ ಕಡೆ ಈ ಕಡೆ ಆಡಿಸುತ್ತಿತ್ತು, ಸೊಪ್ಪಿಗಾಗಿ. ನನ್ನ ಹಾಗೆಯೇ ಹೊಸಲಾಚೆ ಬಿದ್ದದ್ದು ಎನ್ನಿಸಿತು. ಎರಡು ಕಡ್ಡಿಯಲ್ಲಿ ಎತ್ತಿ ಎಲೆಯ ಮೇಲೆ ಬಿಟ್ಟೆ. ಮಾರನೆಯ ದಿನ ಹತ್ತು, ಆಮೇಲೆ ನೂರಾರು. ಕಡ್ಡಿ ಹೋಗಿ ಸೆರಗು ಬಂತು, ಸೆರಗು ಹೋಗಿ ಬರಿಗೈ ಬಂತು. ಅಂಗೈಯಲ್ಲಿ ಇಟ್ಟುಕೊಂಡರೆ ತಣ್ಣಗೆ, ಮೆತ್ತಗೆ ಇರುತ್ತಿತ್ತು. ಇಷ್ಟು ಸಾಧು ಪ್ರಾಣಿಗೆ ನಾನು ಕೆಸರಿಗೆ ಹಾರುವಷ್ಟು ಹೆದರಿದ್ದೆನಲ್ಲ ಎಂದು ನಾಚಿಕೆಯಾಯಿತು.

ಯಾರ ಕಣ್ಣಿಗೂ ಬೀಳದಂತೆ ಅಟ್ಟದ ಮೇಲೆ ಮೊರಗಳಲ್ಲಿ ಅವನ್ನು ಸಾಕಿದೆ. ಉದುರಿದ ಸೊಪ್ಪೇ ಅವಕ್ಕೆ ಸಾಕಾಗಿತ್ತು. ಕೆಳಗೆ ಅತ್ತೆಯ ಹುಳ ಹಣ್ಣಾಗಿ, ಮೈ ಹಳದಿಗೆ ತಿರುಗಿ, ಸುರುಳಿ ಹೆಣೆದ ಬಿದಿರಿನ ಚಂದ್ರಿಕೆ ಏರಿ ಗೂಡು ಕಟ್ಟಿದವು. ಆ ಗೂಡು ಕೊಳ್ಳಲು ಮಳವಳ್ಳಿಯಿಂದ ನೂಲು ತೆಗೆಯುವ ಪೀರ್ ಸಾಬರು ಗಾಡಿ ತಂದರು. ಈ ದಾರ ಹಿಡಿದು ಸಿಪಾಯಿಗಳು ಆಕಾಶದಿಂದ ಇಳಿಯುತ್ತಾರಂತೆ ಎಂದು ಸುದ್ದಿ ಹೇಳಿ ಅತ್ತೆಯನ್ನು ಬೆರಗುಗೊಳಿಸಿ ಹೋದರು. ನನ್ನ ಹಿಂದುಳಿದ ಹುಳಗಳು ನಿಧಾನವಾಗಿ, ನಾಲ್ಕು ದಿನ ತಡವಾಗಿ, ತೊಗರಿ ಕಡ್ಡಿಯ ಕಟ್ಟಿನಲ್ಲಿ ಗೂಡು ಕಟ್ಟಿ ಮುಗಿಸಿದವು. ಅಷ್ಟರಲ್ಲಿ ಆಷಾಢ ಬಂತು.

ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಲೇಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಲು ದಾಟಬಾರದು, ಅಳಿಯ ಮಾವನ ಮನೆಗೆ ಬರಬಾರದು. ನನ್ನ ಗೂಡುಗಳನ್ನು ಎಲ್ಲಿ ಬಿಡುವುದು? ಧಾರೆ ಸೀರೆಯ ಮೇಲೆ ಹರಡಿ, ಪೆಟ್ಟಿಗೆಯ ಬಾಯಿಗೆ ಒಂದು ಕಡ್ಡಿ ಕೊಟ್ಟು ಗಾಳಿಯಾಡುವಂತೆ ಮುಚ್ಚಿ, ತವರಿಗೆ ತೆಗೆದುಕೊಂಡು ಹೋದೆ. ಗೂಡಿನೊಳಗಿಂದ ಚಿಟ್ಟೆ ಬರುತ್ತದೆ ಎಂದು ಪುಸ್ತಕದಲ್ಲಿತ್ತು. ಅದನ್ನು ನೋಡಬೇಕೆಂಬ ಆಸೆ ಬಿಟ್ಟರೆ ಬೇರೆ ಯಾವ ಯೋಚನೆಯೂ ನನಗಿರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಸರಸರ ಸದ್ದು. ಇಲಿ ಹೊಕ್ಕಿತೆಂದು ಅವ್ವ ಪೊರಕೆ ಹಿಡಿದು ಬಂದಳು. ಮುಚ್ಚಳ ತೆಗೆದರೆ ಅರಿಸಿನ ಬಣ್ಣದ ನನ್ನ ಸೀರೆಯ ತುಂಬ ಬೆಳ್ಳಗಿನ ಚಿಟ್ಟೆಗಳು.

"ಇದೇನೇ ಕರ್ಮ, ದಾರೆ ಸೀರೆ ಮ್ಯಾಲೆ ಉಳ ಬುಟ್ಕಂಡು ಬಂದಿದ್ದೀಯಲ್ಲೆ" ಎಂದು ಅವ್ವ ಪೊರಕೆ ಎತ್ತಿದಳು. ನಾನು ಅಡ್ಡ ನಿಂತೆ.

ಆ ದಿನ ನಾನು ಪೆಟ್ಟಿಗೆ ಬಿಟ್ಟು ಏಳಲಿಲ್ಲ. ಚಿಟ್ಟೆ ಬಾಯಿಯ ರಸದಿಂದ ಗೂಡಿನ ತುದಿಯನ್ನು ನೆನೆಸಿ, ಸಂದು ಮಾಡಿಕೊಂಡು ಒದ್ದೆಮುದ್ದೆಯಾಗಿ ಹೊರಗೆ ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಆರಿ ರೆಕ್ಕೆ ಬಿಚ್ಚುತ್ತಿತ್ತು. ಮೈಯೆಲ್ಲ ಅರಳೆಯಂಥ ನವಿರು, ಎಳ್ಳಷ್ಟು ಕರಿ ಕಣ್ಣು, ತಲೆಯ ಮೇಲೆ ಬಾಚಣಿಗೆಯಂತೆ ಹಲ್ಲು ಹಲ್ಲಾದ ಎರಡು ಮೀಸೆ. ರೆಕ್ಕೆಯಿದ್ದರೂ ಹಾರುತ್ತಿರಲಿಲ್ಲ. ಬೆಲ್ಲದ ನೀರು ಇಟ್ಟೆ, ಮೂಸಲೂ ಇಲ್ಲ. ಅದಕ್ಕೆ ತಿನ್ನುವ ಬಾಯಿಯೇ ಇಲ್ಲ, ಹುಳವಾಗಿದ್ದಾಗ ತಿಂದದ್ದೇ ಜನ್ಮಕ್ಕೆ ಸಾಕು. ಹೊಂಗೆ ಮರಕ್ಕೆ ಒಂದನ್ನು ಒಯ್ದು ಕೂರಿಸಿದೆ, ಕೂತಲ್ಲೇ ಕೂತಿತ್ತು, ಮತ್ತೆ ಎತ್ತಿ ತಂದೆ. ಕಾಡು ಮೇಡು ಯಾವುದೂ ಅದಕ್ಕೆ ಗೊತ್ತಿಲ್ಲ. ಮನುಷ್ಯರ ಮನೆ ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ. ದಪ್ಪ ಹೊಟ್ಟೆಯ ಹೆಣ್ಣು ಗಂಭೀರವಾಗಿ ಒಂದೆಡೆ ಕೂತಿದ್ದರೆ, ಸಣಕಲು ಗಂಡು ರೆಕ್ಕೆಯನ್ನು ಪಟಪಟ ಬಡಿಯುತ್ತಾ ಅದರ ಸುತ್ತ ಕುಣಿಯುತ್ತಿತ್ತು. ಆಷಾಢ ಗೀಷಾಢ ಅವಕ್ಕಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು ಎಂದರೆ ಈಗ ಹೇಳಿಕೊಳ್ಳಲು ನನಗೇನು ನಾಚಿಕೆ. ಸಂಜೆಗೆ ಹೆಣ್ಣುಗಳು ಮೊಟ್ಟೆಯಿಡತೊಡಗಿದವು. ಗಸಗಸೆ ಗಾತ್ರದ ಹಳದಿ ಮೊಟ್ಟೆ, ಒಂದರ ಪಕ್ಕ ಒಂದು, ನಡುವೆ ಎಲ್ಲೂ ಖಾಲಿ ಬಿಡದಂತೆ. ಸೀರೆಯಲ್ಲಿ ಅಲ್ಲಲ್ಲಿ ಕಂದು ಕಲೆಗಳೂ ಆದವು. ನಾನು ಶಾಲೆಯ ಹಳೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಲ್ಲವನ್ನೂ ಬರೆದಿಟ್ಟೆ.

ಮೂರು ದಿನ ಕಳೆದ ಮೇಲೆ ನೀರಿಗೆ ಹೋದಾಗ ನಾಲೆಯ ಏರಿಯ ಮೇಲೆ ನನ್ನ ಗಂಡ ನಿಂತಿದ್ದರು. ಮಾವನ ಮನೆಗೆ ಬರುವಂತಿಲ್ಲ, ಏರಿಗೆ ಬರಬಾರದೆಂದು ಯಾರೂ ಹೇಳಿಲ್ಲ ಎನ್ನುವುದು ಅವರ ಲೆಕ್ಕ. ಮುಖ ಮಾತ್ರ ಸಪ್ಪಗಿತ್ತು. ಯುದ್ಧದ ದೆಸೆಯಿಂದ ಗೂಡಿಗೆ ಬೆಲೆ ಬಂದು ಕಂಡಕಂಡವರೆಲ್ಲ ಹುಳ ಸಾಕಲು ಹೊರಟಿದ್ದರು, ಬಿತ್ತನೆ ಮೊಟ್ಟೆ ಅಂಟಿಸಿದ ಹಾಳೆಗಳು ಯಾರಿಗೂ ಸಾಲುತ್ತಿರಲಿಲ್ಲ. ನಮ್ಮ ತೋಟದಲ್ಲಿ ಸೊಪ್ಪು ಎದೆಯುದ್ದ ಬಂದು ನಿಂತಿತ್ತು.

"ಮೊಟ್ಟೆ ಆಳೆ ಸಿಗ್ನಿಲ್ಲ ಕಣೆ. ಈ ಬೆಳೆ ಓಯ್ತು. ಅವ್ವ ಊಟ ಬುಟ್ಟು ಕೂತವ್ಳೆ."

ನಾನು ಕೊಡವನ್ನು ಅಲ್ಲೇ ಇಟ್ಟು ಮನೆಗೆ ಓಡಿದೆ. ಸೀರೆ ತಂದು ಏರಿಯ ಮೇಲೆ ಬಿಡಿಸಿ ತೋರಿಸಿದೆ. ಅವರು ಸೀರೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಸೀರೆ ನೋಡಿದರು. ಹಿಂದುಳಿದ ಹುಳ ಸಾಕಿದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು, ನಕ್ಕು ನಕ್ಕು ಏರಿಯ ಮೇಲೆ ಕೂತುಬಿಟ್ಟರು.

ಆ ಸೀರೆಯ ಪ್ರಯಾಣವನ್ನು ಅವರು ಸಾಯುವವರೆಗೂ ಹೇಳುತ್ತಿದ್ದರು. ಮಂಡ್ಯದಿಂದ ಮದ್ದೂರಿಗೆ ರೈಲು. ಅಲ್ಲಿಂದ ಮಳವಳ್ಳಿಗೆ ಆಗ ಇದ್ದಿಲ ಬಸ್ಸು, ಪೆಟ್ರೋಲಿಗೆ ಬರ ಬಂದು ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಬಸ್ಸು. ಆ ಕಾವಿಗೆ ಮೊಟ್ಟೆ ಬೆಂದುಹೋದರೆ ಎಂದು ಅವರು ಬಸ್ಸು ಹತ್ತಲೇ ಇಲ್ಲ. ಸೀರೆಯನ್ನು ಮೊರದ ಮೇಲೆ ಹರಡಿ, ತಲೆಯ ಮೇಲೆ ಹೊತ್ತು, ತಂಪು ಹೊತ್ತಿನಲ್ಲಿ ನಡೆದೇ ಹೋದರು. ದಾರಿಯುದ್ದಕ್ಕೂ ಹೆಂಗಸರು, ಹೆಂಡತಿ ಎಲ್ಲಪ್ಪ, ಸೀರೆ ಒಂದೇ ಬಂತಲ್ಲ ಎಂದು ಕೇಳಿದರಂತೆ. ಆಷಾಢ ಮುಗಿಯಲಿ, ಅವಳೂ ಬರುತ್ತಾಳೆ ಎಂದು ಹೇಳಿ ಹೇಳಿ ಅವರ ಗಂಟಲು ಒಣಗಿತ್ತು.

ನಾನು ತವರಿನಲ್ಲಿ ದಿನ ಎಣಿಸುತ್ತಾ ಕೂತೆ. ಅತ್ತೆ ಆ ಸೀರೆಯನ್ನು ಒಲೆಗೆ ಹಾಕಿದಳೋ, ಬಾವಿಗೆ ಎಸೆದಳೋ. ಕೋಳಿಗೆ ಹಾಕು ಎಂದದ್ದನ್ನು ಕದ್ದು ಸಾಕಿದವಳನ್ನು ಇನ್ನು ಹುಳದ ಮನೆಗಲ್ಲ, ಊರಿಗೇ ಸೇರಿಸುವುದಿಲ್ಲವೇನೋ. ಮೊಟ್ಟೆಯಿಟ್ಟ ಎಂಟನೆಯ ದಿನ ನನ್ನ ಗಂಡ ಮತ್ತೆ ಏರಿಯ ಮೇಲೆ ಬಂದು ನಿಂತರು.

"ಅವ್ವ ಕರ್ಕಂಡ್ ಬಾ ಅಂದ್ಲು. ಚಿಟ್ಟೆ ಕಣ್ಣಾರೆ ನೋಡ್ದೋಳು ಬಂದ್ರೇಯ ಉಳ ಇಳ್ಸೋದು ಅಂತಾವ್ಳೆ."

ವಿಷಯ ತಿಳಿದು ಏರಿಗೆ ಬಂದ ಅಪ್ಪ ಒಪ್ಪಲಿಲ್ಲ. ಆಷಾಢ ಇನ್ನೂ ಹತ್ತು ದಿನವಿತ್ತು. ಹೊಸಲು ದಾಟಬಾರದು ಅಷ್ಟೇ ತಾನೆ, ಊರಿಗೆ ಬರಬಾರದೆಂದಿಲ್ಲವಲ್ಲ, ಪಕ್ಕದಲ್ಲಿ ದೊಡ್ಡಪ್ಪನ ಮನೆಯಿದೆ, ಅಲ್ಲಿರಲಿ ಎಂದು ನನ್ನ ಗಂಡ ವಕೀಲರ ಹಾಗೆ ವಾದ ಹೂಡಿದರು. ಅವ್ವ ಮಧ್ಯೆ ಬಂದು, ಕಳಿಸಿಬಿಡಿ, ಇವಳಿಗಿಲ್ಲಿ ಅನ್ನ ಸೇರುತ್ತಿಲ್ಲ ಎಂದಳು.

ಆ ರಾತ್ರಿಯೇ ದೊಡ್ಡಪ್ಪನ ಮನೆ ಸೇರಿದೆವು. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ನಾನು ತೋಟದ ಕಡೆಯಿಂದ ಹೋಗಿ ಹುಳದ ಮನೆಯ ಹಿಂಬಾಗಿಲ ಹೊರಗೆ ನಿಂತೆ. ಅತ್ತೆ ಮುಂಬಾಗಿಲಿನಿಂದ ಒಳಗೆ ಬಂದಿದ್ದಳು. ನಡುವೆ, ನೀರು ಚಿಮುಕಿಸಿದ ತಣ್ಣನೆಯ ಕತ್ತಲೆಯಲ್ಲಿ, ಗಳುವಿನ ಮೇಲೆ ನನ್ನ ಧಾರೆ ಸೀರೆ ತೂಗುತ್ತಿತ್ತು. ಹಳದಿ ಮೊಟ್ಟೆಗಳು ಬೂದಿ ನೀಲಿಗೆ ತಿರುಗಿದ್ದವು. ಅತ್ತೆಗೆ ಒಂದೇ ಒಂದು ಅನುಮಾನ. ಸರ್ಕಾರದ ಹಾಳೆಯ ಮೊಟ್ಟೆಯಾದರೆ ತಾಯಿ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲ ಎಂದಮೇಲೆ ಕೊಡುತ್ತಾರೆ. ಇವು ಕಸದಿಂದ ಎತ್ತಿದ ಹುಳದ ಮೊಟ್ಟೆ. ತಾಯಿಗೆ ಗಂಟುರೋಗ ಇದ್ದರೆ ಬೆಳೆ ಹೋಗುವುದಲ್ಲದೆ ರೋಗ ಮನೆಯಲ್ಲೇ ಉಳಿಯುತ್ತದೆ. ಹಾಳೆಗಳು ಬರುವ ಮೊದಲು ಅತ್ತೆಯ ತಾಯಿ ಮನೆಯಲ್ಲೇ ಬಿತ್ತನೆ ಮಾಡುತ್ತಿದ್ದಳಂತೆ, ಚಿಟ್ಟೆಯ ಮೈ ನೋಡಿಯೇ ಹೇಳುತ್ತಿದ್ದಳಂತೆ.

"ರೆಕ್ಕೆ ಎಂಗಿದ್ದೊ?" ಎಂದಳು ಅತ್ತೆ.

"ನೆಟ್ಟಗೆ ಬಿಚ್ಕಂಡಿದ್ದೊ ಅತ್ತೆ. ಒಂದೂ ಮುದುಡಿರ್ನಿಲ್ಲ."

"ಕರೇ ಚುಕ್ಕೆ? ಮೈಮ್ಯಾಲಿನ ನವಿರು ಉದುರಿತ್ತ?"

"ಇಲ್ಲ. ಅರಳೆ ಅಂಗೆ ಬೆಳ್ಳಗಿದ್ದೊ."

"ಮೊಟ್ಟೆ ಗುಪ್ಪೆ ಆಕಿದ್ವ, ಸಾಲಾಗಿ ಇಟ್ವ?"

"ಒಂದರ್ ಪಕ್ಕ ಒಂದು. ಇಡೀ ದಿನ ನೋಡಿವ್ನಿ ಅತ್ತೆ, ಬರ್ದೂ ಮಡಗಿವ್ನಿ. ನೀವೇ ನೋಡಿ, ಸೀರೆ ನಿಮ್ ಮುಂದೆಯೇ ಅದೆಯಲ್ಲ."

ಅತ್ತೆಯ ಬೆರಳು ಸೀರೆಯ ಅಂಚಿನ ಮೇಲೆ ನಿಧಾನವಾಗಿ ಸವರುತ್ತಿತ್ತು. ಆಗ ನನಗೆ ಹೊಳೆಯಿತು, ಅವಳು ಕಣ್ಣಿನಿಂದ ನೋಡುತ್ತಿರಲಿಲ್ಲ, ಕೈಯಿಂದ ಹುಡುಕುತ್ತಿದ್ದಳು. ಅವಳು ಮುಂಬಾಗಿಲಿಗೆ ಹೋಗಿ, ಸೂರಿಗೆ ಕೈ ಚಾಚಿ ಗರಿ ತೆಗೆದುಕೊಂಡು ಬಂದು ನನ್ನ ಕಡೆ ಹಿಡಿದಳು.

"ತಗೊ. ನೀನೇ ಇಳ್ಸು. ನಂಗೆ ಕಾಣಾಕಿಲ್ಲ ಕಣಮ್ಮಿ. ಎರಡು ವರ್ಸ ಆಯ್ತು, ಮರಿ ಉಳ ನಂಗೆ ಕಾಣಾಕಿಲ್ಲ." ಗರಿ ಹಿಡಿದ ಕೈಯನ್ನು ಇಳಿಸದೆಯೇ ಹೇಳಿದಳು. "ಅವತ್ತು ಒದ್ದೆ ಸೊಪ್ಪು ಆಕ್ದೋಳು ನಾನೇಯ. ನೀನಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು, ಆ ಮನೆಯಲ್ಲಿ ಮೊದಲ ಸಲ. ಹಿಂಬಾಗಿಲ ಹೊಸಲು ದಾಟಿ ಒಳಗೆ ಹೋಗಿ ಗರಿ ತೆಗೆದುಕೊಂಡೆ. ಬೆಳಕು ಬೀಳುತ್ತಿದ್ದಂತೆ ಸೀರೆಯ ಮೇಲಿನ ಮೊಟ್ಟೆಗಳು ಒಡೆದು ಇರುವೆಯಂಥ ಕರಿ ಮರಿಗಳು ಏಳತೊಡಗಿದವು. ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಮೇಲೆ ಉದುರಿಸಿದೆವು. ಮರಿಗಳು ಸೊಪ್ಪಿಗೆ ಹತ್ತಿದವು. ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು, ಗರಿ ಅಡ್ಡ ಹಿಡಿ, ತಳ್ಳಬೇಡ, ಸವರು. ನಾನು ಸವರಿದೆ. ಸೂರ್ಯ ಮೇಲೇರುವ ಹೊತ್ತಿಗೆ ನನ್ನ ಮದುವೆಯ ಸೀರೆ ಖಾಲಿಯಾಗಿ, ತಟ್ಟೆಗಳು ತುಂಬಿದ್ದವು.

ಆ ಬೆಳೆ ಗೌರಿ ಹಬ್ಬಕ್ಕೆ ಮುಂಚೆಯೇ ಬಂತು. ರೋಗ ಬರಲಿಲ್ಲ. ಪೀರ್ ಸಾಬರು ಕುಕ್ಕೆಗೆ ಕೈಹಾಕಿ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಇದು ಎಲ್ಲಿಯ ಬಿತ್ತನೆ ಕೆಂಪಮ್ಮನೋರೆ ಎಂದು ಕೇಳಿದರು. ನಮ್ಮ ಸೊಸೆ ತವರಿನಿಂದ ತಂದದ್ದು ಎಂದಳು ಅತ್ತೆ. ಸೀರೆಯ ಕಂದು ಕಲೆಗಳು ಯಾವ ಸೀಗೆಪುಡಿಗೂ ಹೋಗಲಿಲ್ಲ. ಹಬ್ಬದ ದಿನ ಅದನ್ನೇ ಉಟ್ಟೆ.

ಆದರೆ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ ನೆನಪು ಹಬ್ಬದ್ದಲ್ಲ, ಶ್ರಾವಣದ ಮೊದಲ ದಿನದ್ದು. ಆಷಾಢದ ಆ ಹತ್ತು ದಿನ ನಾವಿಬ್ಬರೂ ಹುಳದ ಮನೆಯಲ್ಲೇ ಇರುತ್ತಿದ್ದೆವು, ಅವಳು ಮುಂಬಾಗಿಲಿನಿಂದ, ನಾನು ಹಿಂಬಾಗಿಲಿನಿಂದ. ಶ್ರಾವಣ ಬಂದದ್ದನ್ನೂ ಮರೆತು ಆ ಬೆಳಿಗ್ಗೆ ಸೊಪ್ಪಿನ ಕುಕ್ಕೆ ಹೊತ್ತು ಮಾಮೂಲಿನಂತೆ ತೋಟದ ಕಡೆಗೆ ಸುತ್ತಿ ಹೊರಟಿದ್ದೆ. ಅತ್ತೆ ಅಂಗಳದಿಂದ ಕೂಗಿ ಕರೆದಳು. ನಾನು ಬಂದೊಡನೆ ನನ್ನ ಹೆಗಲ ಮೇಲೆ ಕೈಯಿಟ್ಟಳು. ಮೆಟ್ಟಿಲು ಕಾಣದವರು ಇಡುವ ಹಾಗೆ, ಭಾರ ಬಿಟ್ಟು.

"ಒಸ್ಲು ಬಂದ್ರೆ ಯೋಳು" ಎಂದಳು.

"ಬಂತು ಅತ್ತೆ" ಎಂದೆ. ಇಬ್ಬರೂ ಒಟ್ಟಿಗೇ ದಾಟಿದೆವು.